ನಾವು ಬಂದರಿನವರು

ಸಂತೆಮರಹಳ್ಳಿಯ ನಮ್ಮ ಹಳೆಯ ಮನೆಯ ನಡುಮನೆಯ ಗೋಡೆಯಲ್ಲಿ ಎರಡು ಚಿತ್ರಗಳಿದ್ದವು. ಮೇಲಿನದು ಕಾಬಾದ್ದು. ಅದು ಎಲ್ಲ ಮುಸ್ಲಿಮರ ಮನೆಯಲ್ಲೂ ಇರುವಂಥದ್ದೇ. ಅದರ ಕೆಳಗೆ ಅಂಗೈಯಗಲದ ಕಪ್ಪು ಬಿಳುಪಿನ ಚಿತ್ರವೊಂದಿತ್ತು. ಹೊಗೆ ಹಿಡಿದು ಚಹಾದ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಹೊಳೆಯ ನೀರು, ನೀರಿನ ಮೇಲೆ ಸಾಲಾಗಿ ನಿಂತ ಮರದ ಹಡಗುಗಳು, ದಡದಲ್ಲಿ ಹೆಂಚಿನ ಗೋದಾಮುಗಳು, ಅವುಗಳ ಹಿಂದೆ ತೆಂಗಿನ ಮರಗಳು. ಗೋದಾಮಿನಿಂದ ಹಡಗಿನವರೆಗೆ ಹಲಗೆ ಹಾಸಿ, ಅದರ ಮೇಲೆ ಬೆನ್ನು ಬಾಗಿಸಿ ಮೂಟೆ ಹೊತ್ತ ಹತ್ತು ಹನ್ನೆರಡು ಮಂದಿ. ಅವರ ಮುಖ ಕಾಣುತ್ತಿರಲಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ಮಂಗಳೂರು ಬಂದರು’ ಎಂದು ಅಚ್ಚಾಗಿತ್ತು. ಅದೊಂದು ಹಳೆಯ ಅಂಚೆ ಕಾರ್ಡು. ಯಾರೋ ಅದಕ್ಕೆ ಕಟ್ಟು ಹಾಕಿಸಿದ್ದರು.

ಮಕ್ಕಳಾಗಿದ್ದಾಗ ನಾವು ದಾದಿಯನ್ನು ಕೇಳುತ್ತಿದ್ದೆವು, ಇದು ಏನು ಎಂದು. ದಾದಿಯ ಉತ್ತರ ಎಂದೂ ಒಂದೇ. ‘ಹಮೆ ಬಂದರ್ ಕೆ ಲೋಗಾಂ.’ ನಾವು ಬಂದರಿನವರು. ನಮ್ಮ ಹಿರಿಯರು ಅರಬ್ ದೇಶದಿಂದ ಹಡಗಿನಲ್ಲಿ ಬಂದರು, ಆ ದಡದಲ್ಲಿ ಇಳಿದರು, ಅಲ್ಲಿಂದ ಘಟ್ಟ ಹತ್ತಿ ಈ ಊರಿಗೆ ಬಂದರು. ಚಿತ್ರ ಅದಕ್ಕೆ ಸಾಕ್ಷಿ. ದಾದಾ ಈ ಮಾತು ನಡೆಯುವಾಗ ಬಾಯಿ ಬಿಡುತ್ತಿರಲಿಲ್ಲ. ಹೌದು ಎಂದೂ ಹೇಳುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಅವರ ಮೌನವನ್ನು ನಾವು ಗಾಂಭೀರ್ಯ ಎಂದು ತಿಳಿದುಕೊಂಡೆವು. ದೊಡ್ಡ ಮನೆತನದವರು ಹೆಚ್ಚು ಮಾತಾಡುವುದಿಲ್ಲ ಎಂದು ನಮ್ಮ ನಂಬಿಕೆ.

ಸಂತೆಮರಹಳ್ಳಿಯನ್ನು ನೋಡದವರಿಗೆ ಒಂದೆರಡು ಮಾತು. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯೂ ನರಸೀಪುರದ ಕಡೆಯಿಂದ ಬರುವ ರಸ್ತೆಯೂ ಕೂಡುವ ಊರು. ಹೆಸರಿನಲ್ಲೇ ಸಂತೆ ಇದೆ. 2004ರಲ್ಲಿ ಶಾಸಕರೊಬ್ಬರು ಒಂದೇ ಒಂದು ಮತದಿಂದ ಗೆದ್ದ ಕ್ಷೇತ್ರ ಎಂದರೆ ಹೊರಗಿನವರಿಗೆ ಬೇಗ ನೆನಪಾಗುತ್ತದೆ. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೂ ಹೋಯಿತು. ಸಮುದ್ರ ಎಂಬುದು ಇಲ್ಲಿಯವರಿಗೆ ಭೂಗೋಳದ ಪುಸ್ತಕದಲ್ಲಿರುವ ನೀಲಿ ಬಣ್ಣ. ಕಣ್ಣಿಗೆ ಕಾಣುವುದು ಬಿಳಿಗಿರಿರಂಗನ ಬೆಟ್ಟದ ಸಾಲು ಮಾತ್ರ. ಹಿಪ್ಪುನೇರಳೆ, ಅರಿಶಿನ, ಕಬ್ಬು, ಭತ್ತ ಬೆಳೆಯುವ ಸೀಮೆ. ನಮ್ಮ ಬೀದಿಯಲ್ಲಿ ಏಳೆಂಟು ಮನೆಗಳಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳಿದ್ದವು. ಊರಿನಲ್ಲಿ ಸರ್ಕಾರದ ಫಿಲೇಚರ್ ಕೂಡ ಇತ್ತು. ಗೂಡು ಬೇಯುವ ವಾಸನೆ ಮೂಗಿಗೆ ಬಿದ್ದರೆ ಸಾಬರ ಬೀದಿ ಬಂತು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಐದನೆಯ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದೆವು. ಅಲ್ಲಿ ಒಂದು ದಿನ ಮೇಷ್ಟ್ರು ‘ನಮ್ಮ ಮನೆತನ’ ಎಂದು ಪ್ರಬಂಧ ಬರೆಸಿದರು. ನಾವು ಹಡಗು, ಬಿರುಗಾಳಿ, ಅರಬ್ ವ್ಯಾಪಾರಿ ಎಲ್ಲವನ್ನೂ ಸೇರಿಸಿ ಎರಡು ಪುಟ ಬರೆದೆವು. ಬಹುಶಃ ನಮ್ಮ ಮೊದಲ ಕಥೆ ಅದೇ. ಮೇಷ್ಟ್ರು ಮೆಚ್ಚಿಕೊಂಡು ತರಗತಿಗೆ ಓದಿಸಿದರು. ಹಿಂದಿನ ಬೆಂಚಿನಲ್ಲಿದ್ದ ಹೊಲಗೇರಿಯ ಗೆಳೆಯ ಕಿಸಕ್ಕನೆ ನಕ್ಕ. ಹೊರಗೆ ಬಂದ ಮೇಲೆ ಹೇಳಿದ, ‘ಲೋ, ನಿಮ್ಮ ತಾತನೂ ನಮ್ಮ ತಾತನೂ ಒಂದೇ ಗಾಡೀಲಿ ಮೂಟೆ ಹೇರ್ತಿದ್ರಂತೆ ಕಣೋ. ಹಡಗು ಎಲ್ಲಿಂದ ಬಂತೋ?’ ನಮಗೆ ಸಿಟ್ಟು ಬಂತು. ಒಂದು ವಾರ ಅವನೊಂದಿಗೆ ಮಾತು ಬಿಟ್ಟೆವು. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಮನೆಯ ಚರಿತ್ರೆ ನಮಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಇದು ನಮ್ಮ ಮನೆಯೊಂದರ ಕಾಯಿಲೆಯಲ್ಲ. ಮೈಸೂರು ಸೀಮೆಯ ಯಾವ ಮುಸ್ಲಿಂ ಕೇರಿಗೆ ಹೋದರೂ ಎಲ್ಲರೂ ಎಲ್ಲಿಂದಲೋ ಬಂದವರೇ. ಕುದುರೆಯ ಮೇಲೆ ಬಂದವರು, ಹಡಗಿನಲ್ಲಿ ಬಂದವರು, ಸುಲ್ತಾನರ ಫೌಜಿನೊಂದಿಗೆ ಬಂದವರು. ಇಲ್ಲೇ ಇದ್ದವರು ಎಂದು ಹೇಳುವವರು ಒಬ್ಬರೂ ಸಿಗುವುದಿಲ್ಲ. ಹತ್ತಿ ಎಕ್ಕಿದವರು, ಮಾಂಸ ಕಡಿದವರು, ಗಾಡಿ ಹೊಡೆದವರು, ಬಟ್ಟೆ ನೇಯ್ದವರು ತಮ್ಮ ಹಿರಿಯರ ಹೆಸರಿಗೆ ಶೇಖ್, ಸೈಯದ್ ಎಂದು ಸೇರಿಸಿಕೊಂಡು ಅರಬಸ್ಥಾನದ ಕಡೆ ಕೈ ತೋರಿಸುತ್ತಾರೆ. ಜಾತಿಯೇ ಇಲ್ಲದ ಧರ್ಮದಲ್ಲಿ ಮೇಲು ಕೀಳನ್ನು ಹುಡುಕಲು ನಾವು ಕಂಡುಕೊಂಡ ದಾರಿ ಇದು. ಆದರೆ ಈ ಬಡಾಯಿಗೆ ಒಂದು ಬೆಲೆ ಇದೆ. ನಾವೇ ಹೊರಗಿನವರು ಎಂದು ತಲೆಮಾರುಗಟ್ಟಲೆ ಹೇಳಿಕೊಂಡ ಮೇಲೆ, ‘ನೀವು ಹೊರಗಿನವರು’ ಎಂದು ಬೇರೆಯವರು ಹೇಳಿದಾಗ ಬಾಯಿ ಕಟ್ಟಿಹೋಗುತ್ತದೆ.

ನಮ್ಮ ಮನೆಯಲ್ಲಿ ಆ ಬೆಲೆ ತೆತ್ತವರು ಫುಫ್ಫಿ. ಅಬ್ಬಾನ ತಂಗಿ. 1972ರ ಸುಮಾರಿಗೆ ಮಂಗಳೂರಿನಿಂದ ಬ್ಯಾರಿ ವ್ಯಾಪಾರಿಯೊಬ್ಬರು ಅರಿಶಿನ ಕೊಳ್ಳಲು ನಮ್ಮ ಕಡೆಗೆ ಬಂದಿದ್ದರು. ಹೆಸರು ಕೇಳಿಕೊಂಡು ದಾದಾರನ್ನು ಹುಡುಕುತ್ತಾ ಮನೆಗೇ ಬಂದರು. ‘ನಮ್ಮ ತಂದೆ ನಿಮ್ಮ ಹೆಸರು ಯಾವಾಗಲೂ ಹೇಳುತ್ತಿದ್ದರು’ ಎಂದು ಕೈ ಹಿಡಿದುಕೊಂಡರಂತೆ. ಎರಡನೆಯ ಸಲ ಬಂದಾಗ ತಮ್ಮ ತಮ್ಮನಿಗೆ ಫುಫ್ಫಿಯನ್ನು ಕೇಳಿದರು. ವರದಕ್ಷಿಣೆಯ ಮಾತಿಲ್ಲ, ಹುಡುಗನಿಗೆ ಅಂಗಡಿ ಇದೆ, ಓದು ಬರಹ ಬಲ್ಲವನು. ದಾದಿ ಒಪ್ಪಿದ್ದರು. ದಾದಾ ಒಂದೇ ಮಾತಿನಲ್ಲಿ ಬೇಡ ಎಂದರು. ಅವರ ಜಬಾನ್ ಬೇರೆ, ಉರ್ದು ಬರುವುದಿಲ್ಲ. ಅವರು ಶಾಫಿ, ನಾವು ಹನಫಿ. ಖಾಂದಾನ್ ಗೊತ್ತಿಲ್ಲ. ಕೇರಿಯ ಹಿರಿಯರು ತಲೆದೂಗಿದರು. ಬಂದರಿನವರು ಎಂದು ಹೇಳಿಕೊಂಡು ಬದುಕಿದ ಮನೆ, ನಿಜವಾದ ಬಂದರಿನವರು ಬಾಗಿಲಿಗೆ ಬಂದಾಗ ಅವರನ್ನು ಕೀಳು ಮಾಡಿ ಕಳುಹಿಸಿತು. ಇದರಲ್ಲಿರುವ ವಿಪರ್ಯಾಸ ಆಗ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ಮುರಿದುಬಿದ್ದವು. ಫುಫ್ಫಿ ಮನೆಯಲ್ಲೇ ಉಳಿದರು. ಕುದಿನೀರಿನ ಬಾಣಲೆಯ ಮುಂದೆ ಕುಳಿತು ನಲವತ್ತು ವರ್ಷ ನೂಲು ತೆಗೆದರು. ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯಲು ಬೆರಳೇ ಬೇಕು. ಏಳೆಂಟು ಗೂಡುಗಳ ಎಳೆ ಸೇರಿದರೆ ಒಂದು ನೂಲು. ಎಳೆ ತುಂಡಾದರೆ ಮತ್ತೆ ನೀರಿಗೆ ಕೈ. ಫುಫ್ಫಿಯ ಬೆರಳ ತುದಿಗಳು ಬಿಳಿಚಿ, ಸೀಳಿ, ಕೊನೆಗೆ ನುಣ್ಣಗಾಗಿಬಿಟ್ಟವು. ರೇಷ್ಮೆ ಸೀರೆ ಉಟ್ಟವರಿಗೆ ಈ ಬೆರಳುಗಳು ಕಾಣುವುದಿಲ್ಲ. ಚೀನಾದ ಅಗ್ಗದ ರೇಷ್ಮೆ ಬಂದು ನಮ್ಮ ಬೀದಿಯ ಚರಕಗಳು ಒಂದೊಂದಾಗಿ ನಿಂತ ಮೇಲೆ ಫುಫ್ಫಿಗೆ ಬಿಡುವು ಸಿಕ್ಕಿತು. ಆದರೆ ಆಧಾರ್ ಕಾರ್ಡಿಗೆ ಹೋದಾಗ ಅವರ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ. ಪಡಿತರ ಅಂಗಡಿಯಲ್ಲೂ ಪ್ರತಿ ತಿಂಗಳು ಅದೇ ಗೋಳು. ‘ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ’ ಎನ್ನುತ್ತಿದ್ದರಂತೆ. ‘ಗೆರೆ ಎಲ್ಲಾ ರೇಷ್ಮೆ ಜೊತೆ ಹೋಯ್ತಪ್ಪ’ ಎಂದು ಫುಫ್ಫಿ ನಗುತ್ತಿದ್ದರು.

2019ರ ಡಿಸೆಂಬರ್ ತಿಂಗಳನ್ನು ಯಾರೂ ಮರೆತಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಬಂದಿತ್ತು. ಅದರ ಹಿಂದೆಯೇ ಪೌರತ್ವ ಪಟ್ಟಿಯೂ ಬರುತ್ತದೆ ಎಂಬ ಸುದ್ದಿ. ದೇಶದ ಎಲ್ಲ ಮುಸ್ಲಿಮರಂತೆ ನಮ್ಮ ಮನೆಯವರೂ ಕಾಗದ ಹುಡುಕಲು ಕುಳಿತರು. ಸಂದೂಕು ಇಳಿಸಿದೆವು, ಟ್ರಂಕು ತೆಗೆದೆವು. ಅಬ್ಬಾನ ಶಾಲೆಯ ಸರ್ಟಿಫಿಕೇಟು ಗೆದ್ದಲು ತಿಂದಿತ್ತು. ಮನೆಯ ಪತ್ರದಲ್ಲಿ ದಾದಾರ ಹೆಸರು ಒಂದು ರೀತಿ, ಮತದಾರರ ಪಟ್ಟಿಯಲ್ಲಿ ಇನ್ನೊಂದು ರೀತಿ. ಫುಫ್ಫಿ ಹುಟ್ಟಿದ್ದಕ್ಕೆ ಕಾಗದವೇ ಇಲ್ಲ, ಬೆರಳಿಗೆ ಗೆರೆಯೂ ಇಲ್ಲ. ಚಿತ್ರದ ಕಟ್ಟಿನ ಹಿಂದೆ ಜನ ಕಾಗದ ಬಚ್ಚಿಡುವುದುಂಟು ಎಂದು ಯಾರೋ ಹೇಳಿದರು. ಕಾಬಾದ ಕಟ್ಟು ಬಿಚ್ಚಿದೆವು, ಏನೂ ಇರಲಿಲ್ಲ. ಬಂದರಿನ ಕಟ್ಟು ಬಿಚ್ಚಿದೆವು. ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನ ಗೀಟುಗಳಿದ್ದವು. ನಾಲ್ಕು ನೆಟ್ಟಗೆ, ಅವುಗಳ ಮೇಲೆ ಒಂದು ಅಡ್ಡ. ಹೀಗೆ ಐದೈದರ ಗುಂಪುಗಳು, ಸಾಲು ಸಾಲಾಗಿ, ಕಾರ್ಡು ತುಂಬ. ಮೂಲೆಯಲ್ಲಿ ಬೇರೆ ಯಾರದೋ ಕೈಬರಹದಲ್ಲಿ 1943 ಎಂದಿತ್ತು. ಅರಬ್ ವ್ಯಾಪಾರಿಯ ಮೊಮ್ಮಕ್ಕಳಿಗೆ ಸಿಕ್ಕ ದಾಖಲೆ ಅಷ್ಟೇ. ಫುಫ್ಫಿಯ ಕಡೆ ನೋಡಿದೆವು. ಅವರು ಕಾರ್ಡನ್ನು ಸೆರಗಿನಿಂದ ಒರೆಸಿ ನಮ್ಮ ಕೈಗೆ ಕೊಟ್ಟು, ‘ಒಂದು ಸಲ ಅಲ್ಲಿಗೆ ಹೋಗಿ ಬಾ ಬೇಟಾ’ ಎಂದರು. ಬೇರೇನೂ ಹೇಳಲಿಲ್ಲ.

2020ರ ಫೆಬ್ರವರಿಯ ಮೊದಲಲ್ಲಿ ಹೋದೆವು. ನಾವು ಎಂದರೆ ಒಬ್ಬರೇ. ಮನೆಯಲ್ಲಿ ‘ಹಮೆ’ ಎಂದೇ ಮಾತಾಡಿ ಬೆಳೆದ ನಮಗೆ ‘ನಾನು’ ಎಂಬುದು ಬರವಣಿಗೆಯಲ್ಲೂ ಕೈಗೆ ಬರುವುದಿಲ್ಲ. ಮೈಸೂರು, ಮಡಿಕೇರಿ, ಸಂಪಾಜೆ ಘಾಟಿ ಇಳಿದು ಮಂಗಳೂರು. ನಗರದಲ್ಲಿ ಡಿಸೆಂಬರ್ 19ರಂದು ನಡೆದ ಗೋಲಿಬಾರಿನಲ್ಲಿ ಇಬ್ಬರು ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಬಂದರಿನ ಬೀದಿಗಳಲ್ಲಿ ವ್ಯಾಪಾರ ಎಂದಿನಂತೆ ನಡೆದಿತ್ತು, ಆದರೆ ಹೊಸಬರನ್ನು ಕಂಡರೆ ಜನ ಒಂದು ಗಳಿಗೆ ಹೆಚ್ಚು ನೋಡುತ್ತಿದ್ದರು. ಒಣಮೀನು, ಮೆಣಸು, ಹಗ್ಗ, ಬೆಲ್ಲದ ವಾಸನೆ ಬೆರೆತ ಇಕ್ಕಟ್ಟಿನ ರಸ್ತೆಗಳು. ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬುತ್ತಿದ್ದರು. ಕಾರ್ಡನ್ನು ಕೈಯಲ್ಲಿ ಹಿಡಿದು ಆ ಜಾಗ ಯಾವುದೆಂದು ಹೊಂದಿಸಿ ನೋಡಿದೆವು. ನೀರು ಅದೇ. ಮೂಟೆ ಹೊತ್ತ ಬೆನ್ನುಗಳೂ ಹೆಚ್ಚು ಕಡಿಮೆ ಹಾಗೇ ಇದ್ದವು.

ಅಸರ್ ನಮಾಜಿಗೆ ಬಂದರಿನ ಜೀನತ್ ಬಕ್ಷ್ ಮಸೀದಿಗೆ ಹೋದೆವು. ನಮ್ಮ ಲೆಕ್ಕದಲ್ಲಿ ಅಸರ್‌ಗೆ ಇನ್ನೂ ಹೊತ್ತಿತ್ತು, ಅಲ್ಲಿ ಆಗಲೇ ಬಾಂಗ್ ಆಗಿಹೋಗಿತ್ತು. ಶಾಫಿಗಳಲ್ಲಿ ಅಸರ್ ಬೇಗ ಬರುತ್ತದೆ. ದಾದಾ ಹೇಳಿದ್ದ ‘ಬೇರೆ’ ಎಂದರೆ ಇಷ್ಟೇ, ನೆರಳಿನ ಉದ್ದದ ವ್ಯತ್ಯಾಸ. ಅದಕ್ಕಾಗಿ ಒಬ್ಬ ಹೆಣ್ಣುಮಗಳ ಬದುಕು ಬಾಣಲೆಯ ಮುಂದೆ ಕಳೆದುಹೋಯಿತು. ಮಾಲಿಕ್ ದೀನಾರರ ಸಂಗಡಿಗರ ಕಾಲದಲ್ಲಿ, ಹಿಜರಿಯ ಮೊದಲ ಶತಮಾನದಲ್ಲೇ ಈ ಮಸೀದಿ ಹುಟ್ಟಿತೆಂಬುದು ಇಲ್ಲಿಯವರ ಪರಂಪರೆಯ ನಂಬಿಕೆ. ಟಿಪ್ಪುವಿನ ಕಾಲದಲ್ಲಿ ಇದು ಹೊಸದಾಗಿ ಕಟ್ಟಲ್ಪಟ್ಟಿತು. ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದರೆ ಕರಾವಳಿಯ ಯಾವುದೋ ಹಳೆಯ ದೇವಸ್ಥಾನದ ಬಡಗಿಗಳ ಕೈ ನೆನಪಾಗುತ್ತದೆ. ನಂಬಿಕೆ ಕಡಲಾಚೆಯಿಂದ ಬಂದಿರಬಹುದು. ಮರವೂ ಉಳಿಯೂ ಇಲ್ಲಿಯವೇ.

ಜಗಲಿಯಲ್ಲಿ ಕುಳಿತಿದ್ದ ಎಂಬತ್ತರ ಹತ್ತಿರದ ಹಿರಿಯರೊಬ್ಬರು ‘ಘಟ್ಟದ ಮೇಲಿನವರಾ?’ ಎಂದು ಕೇಳಿದರು. ಕಾರ್ಡನ್ನು ತೋರಿಸಿದೆವು. ಅವರು ಚಿತ್ರವನ್ನು ಒಮ್ಮೆ ನೋಡಿ, ತಿರುಗಿಸಿ, ಗೀಟುಗಳ ಮೇಲೆ ಬೆರಳಾಡಿಸಿದರು. ‘ಇದು ಹಮಾಲಿ ಲೆಕ್ಕ ಅಲ್ವಾ ಮಾರಾಯ್ರೆ. ಮೂಟೆಗೊಂದು ಗೀಟು. ಅಕ್ಷರ ಬಾರದವರು ಹೀಗೇ ಬರೆದಿಡುವುದು. ಸಂಜೆ ಸಾಹುಕಾರರ ಲೆಕ್ಕದ ಜೊತೆ ತಾಳೆ ನೋಡುವುದಕ್ಕೆ.’ ನಾವು ಸುಮ್ಮನೆ ಕುಳಿತೆವು. ಅವರು ತಾವು ಬಾಲ್ಯದಲ್ಲಿ ಕಂಡದ್ದನ್ನು ಹೇಳತೊಡಗಿದರು. ಘಟ್ಟದ ಮೇಲಿಂದ ಕೆಲಸಕ್ಕೆ ಬಂದವರು ಅಂಗಡಿ ಜಗಲಿಗಳಲ್ಲಿ ಮಲಗುತ್ತಿದ್ದರು. ಗಂಜಿ, ಒಣಮೀನಿನ ಚಟ್ನಿ ಅಂಗಡಿಯವರ ಮನೆಯಿಂದ. ಮಳೆ ಹಿಡಿಯುವ ಮೊದಲು ಊರಿಗೆ ವಾಪಸು.

ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವಲ್ಲಿ ಮರಳಿನ ದಿಬ್ಬವಿದೆ. ಅಳಿವೆಯ ಆ ದಿಬ್ಬ ದಾಟಿ ದೊಡ್ಡ ಹಡಗುಗಳು ಒಳಗೆ ಬರಲಾರವು. ಅವು ದೂರದಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನೆಲ್ಲ ದೋಣಿಗಳಲ್ಲಿ ಒಯ್ದು ತುಂಬಬೇಕು, ಇಳಿಸಬೇಕು. ಮಳೆಗಾಲದಲ್ಲಿ ಬಂದರು ಮುಚ್ಚಿಬಿಡುತ್ತಿತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ, ಮೆಣಸು, ಗೋಡಂಬಿ, ಹೆಂಚು ಎಲ್ಲವೂ ಯಾರದೋ ಬೆನ್ನ ಮೇಲೆ ಹೋಗಿ ಹಡಗು ಸೇರುತ್ತಿತ್ತು. ಬಂದರು ಎಂಬುದು ಪಾರಸಿ ಪದ, ಲಂಗರು ಕೂಡ. ಹಮಾಲಿ, ಖಲಾಸಿ, ದಲಾಲಿ, ತೂಫಾನು ಅರಬಿಯಿಂದ ಬಂದವು. ಇವನ್ನೆಲ್ಲ ಕನ್ನಡಕ್ಕೆ ತಂದವರು ಪಂಡಿತರಲ್ಲ, ದಂಡೆಯಲ್ಲಿ ದುಡಿದವರು. ಅರಬ್ ದೇಶದಿಂದ ನಮ್ಮ ಮನೆಗೆ ಹಡಗಿನಲ್ಲಿ ಬಂದದ್ದು ಏನಾದರೂ ಇದ್ದರೆ ಅದು ಹಮಾಲಿ ಎಂಬ ಪದ.

ಈ ದಂಡೆಗೆ ಬಂದವರ ಕಥೆ ಬಹಳ ಹಳೆಯದು. ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಇಲ್ಲಿ ಕಂಚಿನ ಕಾರ್ಖಾನೆ ನಡೆಸಿದ. ಅಶು ಎಂಬ ಇಲ್ಲಿಯ ಹೆಣ್ಣಿನೊಂದಿಗೆ ಸಂಸಾರ ಹೂಡಿದ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದವನು ಬೊಮ್ಮ ಎಂಬ ಗುಲಾಮ. ಕೈರೋದ ಸಿನಗಾಗಿನಲ್ಲಿ ಉಳಿದುಬಂದ ಕಾಗದಗಳಿಂದ ಇದು ತಿಳಿದಿದೆ. ಅಮಿತಾವ್ ಘೋಷ್ ಅದೇ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು, 1992ರಲ್ಲಿ ಪುಸ್ತಕ ಪ್ರಕಟಿಸಿದರು. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ ಸುಮಾರು 4000 ಮುಸ್ಲಿಮರಿದ್ದರೆಂದೂ ಫಾರಸ್ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಳಿಯುತ್ತಿದ್ದರೆಂದೂ ಬರೆದಿದ್ದಾನೆ. ಅವರಿಗೂ ಊರವರಿಗೂ ಜಗಳವಾಗುವುದಿತ್ತು. ವ್ಯಾಪಾರಿಗಳು ಬೇಕಾದ್ದರಿಂದ ಅರಸ ರಾಜಿ ಮಾಡಿಸುತ್ತಿದ್ದ. ಜಗಳವೂ ಹಳೆಯದು, ರಾಜಿಯೂ ಹಳೆಯದು. ಬಂದ ಅರಬರು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು, ಇಲ್ಲಿಯ ಜನ ಆ ಧರ್ಮಕ್ಕೆ ಸೇರಿದರು. ಹೀಗೆ ಬೆಳೆದ ಬ್ಯಾರಿಗಳು ಅರಬಿಯನ್ನೂ ಹಿಡಿದುಕೊಳ್ಳಲಿಲ್ಲ, ಉರ್ದುವಿನ ಹಿಂದೆಯೂ ಹೋಗಲಿಲ್ಲ. ನೆಲದ ಮಾತನ್ನೇ ತಮ್ಮದಾಗಿಸಿಕೊಂಡರು. 2009ರಲ್ಲಿ ಆ ಭಾಷೆಗೆ ರಾಜ್ಯದಲ್ಲಿ ಸಾಹಿತ್ಯ ಅಕಾಡೆಮಿಯೂ ಆಯಿತು. ಸಮುದ್ರದ ಎದುರಿಗೇ ಇದ್ದವರು ಇಲ್ಲಿಯವರಾದರು. ಸಮುದ್ರವನ್ನೇ ಕಾಣದ ನಾವು ಅರಬರಾಗಲು ಹೊರಟೆವು.

ನಮ್ಮೂರಿಗೂ ಈ ದಂಡೆಗೂ ಇನ್ನೊಂದು ನಂಟಿದೆ. ಅದು ರೇಷ್ಮೆಯದು. ಟಿಪ್ಪು ಸುಲ್ತಾನ್ 1786ರ ಸುಮಾರಿಗೆ ರೇಷ್ಮೆ ಹುಳು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರನ್ನು ಬಂಗಾಳಕ್ಕೆ ಕಳುಹಿಸಿದ್ದ. ಮಸ್ಕತ್‌ನಲ್ಲಿದ್ದ ತನ್ನ ವ್ಯಾಪಾರ ಕೋಠಿಯ ದರೋಗನಿಗೂ ಹುಳುವನ್ನೂ ಸಾಕಬಲ್ಲ ಜನರನ್ನೂ ಕಳುಹಿಸಲು ಬರೆದ. ಮಸ್ಕತ್‌ನೊಂದಿಗೆ ಅವನ ವ್ಯಾಪಾರಕ್ಕೆ ಬಾಗಿಲು ಮಂಗಳೂರೇ. ಫುಫ್ಫಿಯ ಬಾಣಲೆಯಲ್ಲಿ ಕುದಿಯುತ್ತಿದ್ದ ನೀರಿಗೆ ಮೊದಲ ಬೆಂಕಿ ಹಚ್ಚಿದ್ದು ಆ ಕಾಗದಗಳು.

ಅದೇ ಸುಲ್ತಾನನ ಬಗ್ಗೆ ಇದೇ ಊರಿನಲ್ಲಿ ಇನ್ನೊಂದು ನೆನಪಿದೆ, ಅದನ್ನು ಬಿಟ್ಟು ಇದನ್ನು ಮಾತ್ರ ಹೇಳುವುದು ನ್ಯಾಯವಲ್ಲ. 1783ರಲ್ಲಿ ಇಂಗ್ಲಿಷರು ಮಂಗಳೂರು ಕೋಟೆಯನ್ನು ಹಿಡಿದರು. ಆಗ ಯಾರೋ ಲೇಖನಿ ಮತ್ತು ಮಸಿಯಲ್ಲಿ ಬರೆದ ಕೋಟೆಯ ಚಿತ್ರವೊಂದು ಉಳಿದುಬಂದಿದೆ. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಅದನ್ನು ಮರಳಿ ಪಡೆದ. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಅದೇ ವರ್ಷ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಸಾವಿರಾರು ಕ್ಯಾಥೋಲಿಕರನ್ನು ಮನೆ ಮಠ ಬಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ದಾರಿಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಅನೇಕರು 1799ರ ನಂತರವೇ ಊರು ಕಂಡರು. ಒಬ್ಬನೇ ಅರಸ ಒಂದು ಸೀಮೆಗೆ ಹುಳು ತಂದುಕೊಟ್ಟು ಅನ್ನದಾತನಾದ, ಇನ್ನೊಂದು ಸೀಮೆಯ ಜನಕ್ಕೆ ಸೆರೆಯ ನೆನಪಾದ. ‘ನೀವು ಇಲ್ಲಿಯವರಲ್ಲ, ಅವರ ಕಡೆಯವರು’ ಎಂದು ಒಂದು ಜನಾಂಗವನ್ನೇ ಎಬ್ಬಿಸಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ನಿಂತು ಯೋಚಿಸುವಾಗ, ಆ ನೋವು ನಮಗೆ ಹಿಂದೆಂದಿಗಿಂತ ಹತ್ತಿರವಾಗಿ ಕಂಡಿತು.

ಚಿತ್ರದಲ್ಲಿದ್ದ ಹೆಂಚಿನ ಗೋದಾಮುಗಳಿಗೂ ಒಂದು ಕಥೆಯಿದೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು 1834ರಲ್ಲಿ ಇಲ್ಲಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಅವರಿಂದ. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದು ಅವರ ಮುದ್ರಣಾಲಯದಲ್ಲಿ. ಮತಾಂತರವಾದವರನ್ನು ಜಾತಿ, ಜಮೀನು, ಕಸುಬು ಮೂರೂ ಕೈಬಿಟ್ಟಾಗ ಅವರಿಗೆ ಕೆಲಸ ಬೇಕಿತ್ತು. ನೇಯ್ಗೆ ಶುರುವಾಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆಯ ದಡದಲ್ಲಿ ಒಳ್ಳೆಯ ಜೇಡಿ, ಹೊಳೆಯ ಮೇಲೆ ತೇಲಿಬರುವ ಸೌದೆ, ಹೊಳೆಯ ಬಾಯಲ್ಲಿ ಬಂದರು. ಅಲ್ಲಿಂದ ಹೆಂಚು ಬೊಂಬಾಯಿ, ಸಿಲೋನು, ಪೂರ್ವ ಆಫ್ರಿಕಾದವರೆಗೆ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಶತ್ರುಗಳೆಂದು ಕಾರ್ಖಾನೆಗಳು ಅವರ ಕೈಬಿಟ್ಟವು, ಹೆಂಚು ಮಾತ್ರ ಉಳಿಯಿತು. ನಮ್ಮ ಚರಕದ ಕೊಠಡಿಯ ಮೇಲೆ ಇದ್ದದ್ದೂ ಅದೇ ಮಂಗಳೂರು ಹೆಂಚು. ಮಳೆಗೆ ಸೋರಿದಾಗ ಅಬ್ಬಾ ಮೇಲೆ ಹತ್ತಿ ಸರಿಸುವಾಗ ಅದರ ಬೆನ್ನಿನ ಮೇಲೆ 1865 ಎಂದು ಓದಿ, ನಮ್ಮ ಮನೆ ಅಷ್ಟು ಹಳೆಯದು ಎಂದು ನಾವು ಬೀಗಿದ್ದೆವು. ಅದು ಮನೆಯ ವಯಸ್ಸಲ್ಲ, ಕಾರ್ಖಾನೆಯದು.

ಪಣಂಬೂರಿನಲ್ಲಿ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಸರಕೆಲ್ಲ ಅತ್ತ ಹೋಯಿತು. ಅಲ್ಲಿ ಕ್ರೇನು, ಪಟ್ಟಿಗಳೇ ಹೊರುತ್ತವೆ. ಹಳೆಯ ಬಂದರಿಗೆ ಮೀನು, ಮಂಜಿ ಮತ್ತು ನೆನಪು ಉಳಿದವು.

ಊರಿಗೆ ಮರಳಿ ಫುಫ್ಫಿಯ ಮುಂದೆ ಕುಳಿತೆವು. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆವು. ಧಕ್ಕೆ, ಮಸೀದಿ, ಅಂಗಡಿ ಬೀದಿ. ಅವರು ಒಂದೊಂದನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ತಾವಾಗಿಯೇ ಹೇಳಿದರು.

‘ನಿನ್ನ ದಾದಾ ಅಲ್ಲಿ ಎರಡು ಹಂಗಾಮು ಮೂಟೆ ಹೊತ್ತರು. ಯುದ್ಧದ ಕಾಲ. ಬರ್ಮಾದ ಅಕ್ಕಿ ನಿಂತುಹೋಗಿತ್ತು, ಇಲ್ಲಿ ಕೂಲಿಯೂ ಇರಲಿಲ್ಲ, ಕಾಳೂ ಇರಲಿಲ್ಲ. ಆ ಬ್ಯಾರಿಯವರ ಜಗಲಿಯಲ್ಲಿ ಮಲಗಿದ್ದರು. ಜ್ವರ ಬಂದಾಗ ಅವರ ಮನೆಯ ಹೆಂಗಸರೇ ಗಂಜಿ ಕೊಟ್ಟರಂತೆ. ಕಾರ್ಡು ಕೊಟ್ಟವರೂ ಅವರೇ, ವರ್ಷ ಬರೆದುಕೊಟ್ಟವರೂ ಅವರೇ.’

‘ನಿಮಗೆ ಯಾರು ಹೇಳಿದರು ಫುಫ್ಫಿ?’

‘ಅಬ್ಬಾನೇ. ಸಾಯುವ ಮುಂಚೆ. ಆ ಮನೆಗೆ ನಿನ್ನನ್ನು ಕೊಟ್ಟಿದ್ದರೆ ನಾನು ಹಮಾಲಿ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು, ನನ್ನನ್ನು ಮಾಫ್ ಮಾಡು ಅಂದರು.’

‘ಮಾಡಿದಿರಾ?’

ಫುಫ್ಫಿ ತಮ್ಮ ನುಣುಪು ಬೆರಳುಗಳನ್ನು ನೋಡಿಕೊಂಡರು. ‘ಸಾಯುವವರಿಗೆ ಮಾಫ್ ಇಲ್ಲ ಅಂತ ಹೇಳೋಕೆ ಆಗುತ್ತಾ ಬೇಟಾ? ಆದರೆ ಮೂಟೆ ಹೊತ್ತದ್ದರಲ್ಲಿ ನಾಚಿಕೆ ಏನಿತ್ತು ಅಂತ ಇವತ್ತಿಗೂ ನನಗೆ ತಿಳೀಲಿಲ್ಲ.’

‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’

‘ಯಾರು ಕೇಳಿದರು? ನೀವೆಲ್ಲ ಹಡಗಿನ ಕಥೆ ಕೇಳುತ್ತಿದ್ದಿರಿ.’

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಥೆ ಬರೆಯುವುದೇ ಕಸುಬು ಎಂದುಕೊಂಡವರು ನಾವು. ಅದೇ ಸೂರಿನ ಕೆಳಗೆ, ಒಂದೇ ತಟ್ಟೆಯಲ್ಲಿ ಉಂಡವರ ಕಥೆಯನ್ನು ಕೇಳಿರಲಿಲ್ಲ.

ಫುಫ್ಫಿ ಈಗಿಲ್ಲ. ಹಳೆಯ ಮನೆಯ ಸೂರು ಇಳಿಸಿ ತಾರಸಿ ಹಾಕಿದ್ದೇವೆ. ಒಂದು ಹೆಂಚನ್ನು ತೆಗೆದಿಟ್ಟುಕೊಂಡಿದ್ದೇವೆ. ಕಾರ್ಡಿಗೆ ಹೊಸ ಕಟ್ಟು ಹಾಕಿಸುವಾಗ ಎರಡೂ ಕಡೆ ಗಾಜು ಹಾಕಿ ಎಂದಾಗ ಅಂಗಡಿಯವನಿಗೆ ಆಶ್ಚರ್ಯವಾಯಿತು. ಹಿಂಬದಿಯಲ್ಲಿ ಗೀಟುಗಳಲ್ಲದೆ ಏನೂ ಇಲ್ಲವಲ್ಲ ಎಂದ. ಆ ಗೀಟುಗಳನ್ನು ಯಾವ ಕಚೇರಿಯೂ ದಾಖಲೆ ಎಂದು ಒಪ್ಪಲಾರದು. ಆದರೆ ಈ ನಾಡಿನ ಅಕ್ಕಿ, ಕಾಫಿ, ಹೆಂಚನ್ನು ಹೊತ್ತ ಒಬ್ಬ ಮನುಷ್ಯನ ಲೆಕ್ಕ ಅದರಲ್ಲಿದೆ, ಒಂದು ಮೂಟೆಯೂ ಬಿಡದಂತೆ. ಮನೆಯ ಮಕ್ಕಳು ಈಗಲೂ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತಾರೆ. ನಾವು ದಾದಿಯ ಮಾತನ್ನೇ ಹೇಳುತ್ತೇವೆ, ನಾವು ಬಂದರಿನವರು ಎಂದು. ಆಮೇಲೆ ಹಲಗೆಯ ಮೇಲಿನ ಬೆನ್ನುಗಳಲ್ಲಿ ಒಂದನ್ನು ತೋರಿಸುತ್ತೇವೆ. ದಾದಾ ಯಾವುದೆಂದು ನಮಗೆ ಗೊತ್ತಿಲ್ಲ. ಆದ್ದರಿಂದ ದಿನಕ್ಕೊಂದನ್ನು ತೋರಿಸುತ್ತೇವೆ.